ಶೂ ಮೇಲೆ ತೋಳದ ಪಾದ: ಅರ್ಧ ಹೊಲಿಗೆ, ಅರ್ಧ ಕ್ಷೌರ

ಈ ಕಾಸ್ಟ್ಯೂಮ್ ಒಮ್ಮೆ ಮೇಲಿಂದ ಕೆಳಗೆ ನೋಡಿ. ತೋಳದ ತಲೆ ಇದೆ. ಬಾಲ ಇದೆ. ಕೈಗೆ ಪಂಜ ಇದೆ. ಕೆಳಗೆ ಮಾತ್ರ ಲೇಸ್ ಕಟ್ಟಿದ ಕ್ಯಾನ್ವಾಸ್ ಶೂ! ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಫೋಟೊದಲ್ಲಿ ಕಣ್ಣು ಹೋಗುವುದು ಸೀದಾ ಅಲ್ಲಿಗೇ. ಹಾಗಾಗಿ ಇವತ್ತು ಆ ಶೂ ಮೇಲೆ ಹಾಕಿಕೊಳ್ಳುವ ಫರ್ ಕವರ್ ಮಾಡೋಣ.

ಶೂಗೇ ಫರ್ ಅಂಟಿಸಿಬಿಡಬಹುದಲ್ವಾ ಅಂತ ಕೇಳುತ್ತೀರಿ. ಅಂಟಿಸಬಹುದು, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಆಮೇಲೆ ಒಗೆಯುವುದು ಹೇಗೆ? ಶೂ ಸವೆದ ದಿನ ಫರ್ ಕೂಡ ಅದರ ಜೊತೆಗೇ ಕಸಕ್ಕೆ. ಬೇರೆಯಾಗಿ ಕವರ್ ಮಾಡಿದರೆ ಬಿಚ್ಚಿ ಒಗೆಯಬಹುದು, ಶೂ ದಿನದ ಬಳಕೆಗೆ ಉಳಿಯುತ್ತದೆ. ನನಗೆ ಇದೇ ಇಷ್ಟ.

ಶೂ ಯಾವುದಾದರೂ ಪರವಾಗಿಲ್ಲ, ಆದರೆ ಕಾಲಿಗೆ ಸರಿಯಾಗಿ ಕೂರಬೇಕು. ಅಟ್ಟೆ ಜಾರಬಾರದು. ಅಟ್ಟೆಯ ಕೆಳಗೆ ಹಿಮ್ಮಡಿಯ ಮುಂದೆ ಸ್ವಲ್ಪ ತಗ್ಗು ಇದ್ದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ಫರ್. ನನ್ನ ಮುಂದೆ ಎರಡು ಬಗೆಯ ಬಟ್ಟೆ ಇದೆ. ಪಾದಕ್ಕೆ ಸುಮಾರು 1 ಇಂಚು ಕೂದಲಿನದು, ಕಣಕಾಲಿನ ಹತ್ತಿರಕ್ಕೆ 2.5 ಇಂಚಿನದು. ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ಕೂದಲನ್ನು ಬೆರಳಲ್ಲಿ ಬೈತಲೆ ತೆಗೆದು ನೋಡಿ. ಕೆಳಗಿನ ಬಟ್ಟೆ ಬೋಳಾಗಿ ಕಂಡರೆ ಅದು ತೆಳು ಫರ್. ಕತ್ತರಿಸಿದ ಮೇಲೆ ಇನ್ನೂ ತೆಳುವಾಗಿ ಕಾಣುತ್ತದೆ. ಬೇರು ಕಾಣದಷ್ಟು ಒತ್ತಾಗಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ಇದು ಪ್ರಾಣಿಯ ಕೂದಲಲ್ಲ, ಪ್ಲಾಸ್ಟಿಕ್ ನೂಲು. 20ನೇ ಶತಮಾನದ ಮೊದಲರ್ಧದಲ್ಲಿ ನಕಲಿ ಫರ್ ಅನ್ನು ಅಲ್ಪಾಕಾ ಅನ್ನುವ ಪ್ರಾಣಿಯ ಉಣ್ಣೆಯಿಂದ ಮಾಡುತ್ತಿದ್ದರು. 1950ರ ಹೊತ್ತಿಗೆ ಡ್ಯುಪಾಂಟ್ ಕಂಪನಿ ಓರ್ಲಾನ್ ಅನ್ನುವ ಅಕ್ರಿಲಿಕ್ ನೂಲನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದೆ ಅಕ್ರಿಲಿಕ್ ಫರ್‌ನದೇ ಕಾಲ. ನಮಗೆ ಇದರಿಂದ ಏನು ಅಂದರೆ, ಇಸ್ತ್ರಿಪೆಟ್ಟಿಗೆ ಹತ್ತಿರ ತರಬೇಡಿ. ಬಿಸಿಗಾಳಿಯ ಡ್ರೈಯರ್ ಕೂಡ ಬೇಡ. ಬಿಸಿ ತಾಗಿದ ಜಾಗದಲ್ಲಿ ಕೂದಲಿನ ತುದಿ ಮುರುಟಿ ಗರಗರ ಆಗುತ್ತದೆ. ಎಷ್ಟು ಬಾಚಿದರೂ ಮತ್ತೆ ಮೆತ್ತಗಾಗುವುದಿಲ್ಲ.

ಅಳತೆ ತೆಗೆಯುವುದಕ್ಕೆ ಟೇಪ್ ಮೆಷರ್ ಬೇಡ. ಈಗ ನೋಡುತ್ತಿದ್ದೀರಲ್ಲ, ಶೂಗೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿದ್ದೇನೆ. ಅದರ ಮೇಲೆ ಡಕ್ಟ್ ಟೇಪ್ ಅನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಅಂಟಿಸುತ್ತಿದ್ದೇನೆ. ಉದ್ದ ಪಟ್ಟಿ ಹಾಕಿದರೆ ತಿರುವಿನಲ್ಲಿ ಸುಕ್ಕು ಬರುತ್ತದೆ. ಪೂರ್ತಿ ಮುಚ್ಚಿದ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಬೇಕು. ಮುಂದೆ ನಡುವಲ್ಲಿ ಒಂದು, ಹಿಂದೆ ಹಿಮ್ಮಡಿಯ ನೇರಕ್ಕೆ ಒಂದು, ಅಟ್ಟೆಯ ಅಂಚಿನ ಸುತ್ತ ಒಂದು. ಗೆರೆಯ ಮೇಲೆ ಕತ್ತರಿಸಿ ಬಿಚ್ಚಿದರೆ ಅದೇ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವುದಕ್ಕೆ ಅಚ್ಚು. ಎಲ್ಲಿ ಚಪ್ಪಟೆಯಾಗಿ ಕೂರುವುದಿಲ್ಲವೋ ಅಲ್ಲೊಂದು ಸೀಳು ಕೊಡಿ. ಪ್ರತಿ ತುಂಡಿನ ಮೇಲೂ ಒಳಬದಿ ಯಾವುದು, ಹೊರಬದಿ ಯಾವುದು ಅಂತ ಬರೆಯಿರಿ. ಟೇಪ್ ಬಿಚ್ಚಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಈ ಮೊದಲ ಪ್ಯಾಟರ್ನ್ ಫರ್‌ಗೆ ಅಲ್ಲ, ಒಳಗಿನ ಹತ್ತಿಬಟ್ಟೆಯ ಕವರ್‌ಗೆ. ಬಟ್ಟೆಯ ಕವರ್ ಹೊಲಿದು ಶೂ ಮೇಲೆ ಹಾಕಿ, ಅದರ ಮೇಲೆ ಫೋಮ್‌ನ ಬೆರಳು ಕೂರಿಸಬೇಕು.

ಬೆರಳು ಎಷ್ಟು? ನಾಯಿ ಜಾತಿಯ ಪ್ರಾಣಿಗಳಿಗೆ ಹಿಂಗಾಲಲ್ಲಿ ಸಾಮಾನ್ಯವಾಗಿ ನಾಲ್ಕೇ ಬೆರಳು. ತೋಳಕ್ಕೂ ಅಷ್ಟೇ. ನಡುವಿನ ಎರಡು ಮುಂದೆ, ಪಕ್ಕದ ಎರಡು ಸ್ವಲ್ಪ ಹಿಂದೆ. ಬೆಕ್ಕಿನ ಪಾತ್ರ ಮಾಡುವವರಿಗೂ ಇದೇ ಲೆಕ್ಕ. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಪಂಜದ ಕಳೆ ಬರುವುದಿಲ್ಲ. 1 ಇಂಚು ದಪ್ಪದ ಸೋಫಾ ಫೋಮ್ ತೆಗೆದುಕೊಂಡು, ಕತ್ತರಿಯಲ್ಲಿ ಸ್ವಲ್ಪ ಸ್ವಲ್ಪವೇ ಕೊರೆದು ಗುಂಡಗೆ ಮಾಡಿ. ಫರ್ ಕೂತ ಮೇಲೆ ಇವು ಇನ್ನೂ ದಪ್ಪ ಕಾಣುತ್ತವೆ. ಆದ್ದರಿಂದ ಈಗ ಸ್ವಲ್ಪ ಬಡಕಲಾಗಿಯೇ ಇರಲಿ. ಶೂ ತುದಿಯಿಂದ ಎರಡು ಬೆರಳಿನಷ್ಟಕ್ಕಿಂತ ಜಾಸ್ತಿ ಮುಂದೆ ಚಾಚಬೇಡಿ. ನೋಡಲು ಚೆಂದವೇ, ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ.

ಅಂಟಿಸುವುದಕ್ಕೆ ಕಾಂಟ್ಯಾಕ್ಟ್ ಸಿಮೆಂಟ್ ಅನ್ನುವ ಅಂಟು. ಫೋಮ್‌ಗೂ ಬಟ್ಟೆಗೂ ತೆಳುವಾಗಿ ಸವರಿ, ಬೆರಳಿಗೆ ಮೆತ್ತಿಕೊಳ್ಳದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಒತ್ತಿದರೆ ಮುಗಿಯಿತು, ಆಚೀಚೆ ಸರಿಸಲು ಆಗುವುದಿಲ್ಲ. ಕಿಟಕಿ ಬಾಗಿಲು ತೆರೆದೇ ಈ ಕೆಲಸ ಮಾಡಿ, ವಾಸನೆ ತಲೆ ತಿರುಗಿಸುತ್ತದೆ. ಗ್ಲೂ ಗನ್ ಕೂಡ ಆಗುತ್ತದೆ, ಆದರೆ ಗಟ್ಟಿ ಗಂಟುಗಳು ಉಳಿಯುತ್ತವೆ. ನಡೆಯುವಾಗ ಮಡಚುವ ಜಾಗದಲ್ಲಿ ಅದು ಬಿಟ್ಟುಕೊಳ್ಳುವುದೂ ಉಂಟು.

ಬೆರಳು ಕೂತ ಮೇಲೆ ಮತ್ತೆ ಫಿಲ್ಮ್, ಮತ್ತೆ ಟೇಪ್. ಬೇಜಾರಿನ ಕೆಲಸ, ಗೊತ್ತು. ಈ ಎರಡನೆಯದೇ ಫರ್‌ನ ಪ್ಯಾಟರ್ನ್.

ಇನ್ನು ಮುಂದಿನದನ್ನು ನಿಧಾನವಾಗಿ ನೋಡಿ. ಫರ್‌ಗೆ ದಿಕ್ಕು ಇದೆ. ಅಂಗೈಯಲ್ಲಿ ಒಂದು ಕಡೆ ಸವರಿದರೆ ಮಲಗುತ್ತದೆ, ಇನ್ನೊಂದು ಕಡೆ ಸವರಿದರೆ ಎದ್ದು ನಿಲ್ಲುತ್ತದೆ. ನಾಯಿಯ ಕಾಲು ಗಮನಿಸಿದ್ದೀರಾ? ಕೂದಲು ಮೇಲಿನಿಂದ ಬೆರಳಿನ ಕಡೆಗೆ ಇಳಿದಿರುತ್ತದೆ. ಪ್ಯಾಟರ್ನ್‌ನ ಪ್ರತಿ ತುಂಡಿನ ಮೇಲೂ ಕೂದಲು ಮಲಗುವ ದಿಕ್ಕಿಗೆ ಒಂದು ಬಾಣ ಹಾಕಿ. ನಮ್ಮ ಕವರ್‌ನಲ್ಲೂ ಎಲ್ಲ ತುಂಡುಗಳ ಬಾಣ ಕಣಕಾಲಿನಿಂದ ಬೆರಳಿನ ಕಡೆಗೇ ಇರಬೇಕು. ಒಂದು ತುಂಡು ಅಡ್ಡ ಆದರೂ ಬೆಳಕು ಅದರ ಮೇಲೆ ಬೇರೆ ಥರ ಬಿದ್ದು, ಅದೊಂದೇ ಬೇರೆ ಬಣ್ಣದ ಹಾಗೆ ಕಾಣುತ್ತದೆ. ಫರ್ ಬಟ್ಟೆಯ ಹಿಂಬದಿಯಲ್ಲಿ ಒಂದು ಕಾಲಿನ ಪ್ಯಾಟರ್ನ್ ಎಳೆದ ಮೇಲೆ ಅದನ್ನು ಮಗುಚಿ ಇನ್ನೊಂದು ಕಾಲಿಗೆ ಎಳೆಯಿರಿ. ಆದರೆ ಬಾಣದ ದಿಕ್ಕು ಬದಲಾಗಬಾರದು. ಬಾಲ್‌ಪೆನ್ ಸಾಕು. ಬಿಳಿ ಫರ್‌ಗೆ ಮಾರ್ಕರ್ ಬಳಸಿದರೆ ಶಾಯಿ ಮುಂದಕ್ಕೂ ಇಳಿಯಬಹುದು.

ಹೊಲಿಗೆಗೆ ಸುತ್ತಲೂ ಕಾಲು ಇಂಚು ಬಿಟ್ಟು ಕತ್ತರಿಸಿ. ಕತ್ತರಿಸುವುದು ಅಂದರೆ ಕತ್ತರಿಯಲ್ಲಿ ಕಚಕಚ ಅಂತ ಅಲ್ಲ. ಹಾಗೆ ಮಾಡಿದರೆ ಅಂಚಿನ ಕೂದಲೆಲ್ಲ ಮೊಂಡಾಗಿ, ಹೊಲಿಗೆಯ ಉದ್ದಕ್ಕೂ ಬೋಳು ಗೆರೆ ಬೀಳುತ್ತದೆ. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಫರ್ ಕೆಳಮುಖ, ಬಟ್ಟೆಯ ಹಿಂಬದಿ ಮೇಲೆ. ಹೊಸ ಬ್ಲೇಡಿನ ತುದಿಯಿಂದ ಹಿಂಬದಿಯ ಬಟ್ಟೆಯನ್ನು ಮಾತ್ರ ಸೀಳುತ್ತಿದ್ದೇನೆ. ಇನ್ನೊಂದು ಕೈಯಿಂದ ಬಟ್ಟೆಯನ್ನು ಸ್ವಲ್ಪ ಎತ್ತಿ ಹಿಡಿದರೆ ಬ್ಲೇಡ್ ಕೂದಲಿಗೆ ತಾಗುವುದಿಲ್ಲ. ಸೀಳಿದ ಮೇಲೆ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ಕೂದಲು ತಾನಾಗಿಯೇ ಬಿಡಿಸಿಕೊಂಡು ಪೂರ್ತಿ ಉದ್ದಕ್ಕೆ ಹೊರಗೆ ಬರುತ್ತದೆ. ಅಂಚಿನಲ್ಲಿ ಒಂದು ಎಳೆಯೂ ತುಂಡಾಗಿಲ್ಲ.

ಮಾಸ್ಕ್ ಹಾಕಿಕೊಳ್ಳಿ. ನಯವಾದ ಎಳೆಗಳು ಗಾಳಿಯಲ್ಲಿ ತೇಲುತ್ತಾ ಮೂಗಿಗೆ, ಕಣ್ಣಿಗೆ, ಕುಡಿಯುವ ನೀರಿಗೆ ಎಲ್ಲಕ್ಕೂ ಬರುತ್ತವೆ.

ಹೊಲಿಗೆಗೆ ಬರೋಣ. ಗುಂಡುಸೂಜಿ ಬೇಡ, ಕ್ಲಿಪ್ ಹಾಕಿ. ಫರ್ ಒಳಗೆ ಸೇರಿಕೊಂಡ ಸೂಜಿ ಕಣ್ಣಿಗೆ ಬೀಳುವುದಿಲ್ಲ, ಕೊನೆಗೆ ಕಾಲೇ ಅದನ್ನು ಹುಡುಕಬೇಕಾಗುತ್ತದೆ. ಎರಡು ತುಂಡುಗಳ ಫರ್ ಒಳಮುಖವಾಗಿ ಇಟ್ಟು, ಅಂಚಿನಿಂದ ಹೊರಗೆ ಇಣುಕುವ ಕೂದಲನ್ನೆಲ್ಲ ಒಳಗೆ ತಳ್ಳುತ್ತಾ ಹೊಲಿಯಬೇಕು. ಮೆಷಿನ್ ಇದ್ದರೆ 100/16 ಅಳತೆಯ ದಪ್ಪ ಸೂಜಿ, ಜಿಗ್‌ಜಾಗ್ ಹೊಲಿಗೆ. ನಾನು ಕೈಯಲ್ಲೇ ಹೊಲಿಯುತ್ತೇನೆ. ಪಾಲಿಯೆಸ್ಟರ್ ದಾರ ಜೋಡಿ ಎಳೆ ಮಾಡಿಕೊಂಡು, ಅಂಚಿನ ಸುತ್ತ ಹಾಯಿಸುವ ಹೊಲಿಗೆ. ಬೆರಳಿನ ತಿರುವುಗಳಲ್ಲಿ ಮೆಷಿನ್‌ಗಿಂತ ಕೈಯೇ ಹೇಳಿದ ಮಾತು ಕೇಳುತ್ತದೆ.

ಹೊಲಿದು ಮಗುಚಿದಾಗ ಹೊಲಿಗೆಯ ಜಾಗದಲ್ಲಿ ಒಂದು ಕಾಲುವೆ ಕಾಣುತ್ತದೆ. ಗಾಬರಿ ಬೇಡ. ದಪ್ಪ ಸೂಜಿಯ ತುದಿಯಿಂದ ಸಿಕ್ಕಿಕೊಂಡ ಕೂದಲನ್ನು ಎಬ್ಬಿಸಿ, ನಾಯಿಗೆ ಬಾಚುವ ತಂತಿ ಬ್ರಷ್ ಎರಡು ಸಲ ಆಡಿಸಿ. ಈಗ ಹೇಳಿ, ಹೊಲಿಗೆ ಎಲ್ಲಿದೆ? ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡುವ ಘಳಿಗೆ ಇದು.

ಇದನ್ನು ಒಳಕವರ್ ಮೇಲೆ ಎಳೆದು, ಬೆರಳುಗಳ ನಡುವಿನ ತಗ್ಗಿನಲ್ಲಿ ಒಂದೆರಡು ಹೊಲಿಗೆ ಹಾಕಿ ಫೋಮ್‌ಗೆ ಬಿಗಿದು, ಅಂಚುಗಳನ್ನು ಸೇರಿಸಿ ಹೊಲಿಯಿರಿ. ಈಗ ದೂರದಿಂದ ನೋಡಿ. ನಿಜ ಹೇಳಬೇಕೆಂದರೆ, ಶೂಗೆ ಡೋರ್‌ಮ್ಯಾಟ್ ಸುತ್ತಿದ ಹಾಗಿದೆ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅಷ್ಟು ಕಷ್ಟಪಟ್ಟು ಕೊರೆದ ಬೆರಳು ಕೂದಲಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಅರ್ಧ ಕೆಲಸ ಕ್ಷೌರ ಅಂದದ್ದು ಇದಕ್ಕೇ.

ಸಾಕುಪ್ರಾಣಿಗಳಿಗೆ ಬಳಸುವ ಟ್ರಿಮ್ಮರ್ ತೆಗೆದುಕೊಳ್ಳಿ. ಮೊದಲು ಉದ್ದದ ಗಾರ್ಡ್ (ಬ್ಲೇಡ್ ಮೇಲೆ ಸಿಕ್ಕಿಸುವ ಬಾಚಣಿಗೆ) ಹಾಕಿ, ಕೂದಲು ಮಲಗಿದ ದಿಕ್ಕಿನಲ್ಲೇ ಓಡಿಸಿ. ಎದುರು ದಿಕ್ಕಿನಲ್ಲಿ ಓಡಿಸಿದರೆ ಒಂದೇ ಸಲಕ್ಕೆ ಜಾಸ್ತಿ ಹೋಗುತ್ತದೆ. ಇದು ಮತ್ತೆ ಬೆಳೆಯುವ ಕೂದಲಲ್ಲ ನೋಡಿ. ಬೆರಳಿನ ಮೇಲ್ಭಾಗ ಗಿಡ್ಡ, ಬೆರಳುಗಳ ನಡುವಿನ ತಗ್ಗು ಎಲ್ಲಕ್ಕಿಂತ ಗಿಡ್ಡ. ಅಲ್ಲಿಗೆ ಟ್ರಿಮ್ಮರ್ ಹೋಗುವುದಿಲ್ಲ, ಚಿಕ್ಕ ಕತ್ತರಿ ಬೇಕು. ಪಾದದ ಮೇಲೆ ಹೋದ ಹಾಗೆ ಸ್ವಲ್ಪ ಸ್ವಲ್ಪ ಉದ್ದ ಬಿಡುತ್ತಾ, ಕಣಕಾಲಿನ ಹತ್ತಿರ ಮುಟ್ಟಲೇಬೇಡಿ. ಎಡಗಾಲನ್ನು ಪೂರ್ತಿ ಮುಗಿಸಿ ಬಲಗಾಲಿಗೆ ಹೋಗುವುದಕ್ಕಿಂತ, ಎರಡನ್ನೂ ಪಕ್ಕಪಕ್ಕ ಇಟ್ಟು ಅದಕ್ಕಿಷ್ಟು ಇದಕ್ಕಿಷ್ಟು ಕತ್ತರಿಸಿ. ಮಧ್ಯೆ ಮಧ್ಯೆ ಕೊಡವಿ, ಬಾಚಿ, ದೂರ ನಿಂತು ನೋಡಿ. ತಗ್ಗಿನಲ್ಲಿ ನೆರಳು ಬಿದ್ದ ಕೂಡಲೇ ನಾಲ್ಕು ಬೆರಳೂ ಎದ್ದು ಬರುತ್ತವೆ.

ಇನ್ನು ಇದು ಕಾಲಲ್ಲಿ ನಿಲ್ಲಬೇಕಲ್ಲ. ಅಟ್ಟೆಯನ್ನು ನಾನು ಮುಚ್ಚುವುದಿಲ್ಲ. ಕೆಳಗೆ ಬೇರೆ ಫೋಮ್ ಅಟ್ಟೆ ಅಂಟಿಸುವವರೂ ಇದ್ದಾರೆ, ನೋಡಲು ಪೂರ್ತಿ ಪಂಜವೇ. ಆದರೆ ನುಣುಪು ನೆಲದಲ್ಲಿ ಅದು ಜಾರುತ್ತದೆ. ಶೂ ಅಟ್ಟೆಯೇ ನೆಲ ಹಿಡಿಯಲಿ. ಕೆಳಗಿನಿಂದ 1 ಇಂಚು ಅಗಲದ ಎಲಾಸ್ಟಿಕ್ ಪಟ್ಟಿ, ಹಿಮ್ಮಡಿಯ ಮುಂದಿನ ತಗ್ಗಿನಲ್ಲಿ. ಮೊದಲು ತಗ್ಗು ಇರುವ ಶೂ ಅಂದೆನಲ್ಲ, ಇದಕ್ಕೇ. ಅಲ್ಲಿ ಪಟ್ಟಿ ನೆಲಕ್ಕೆ ಉಜ್ಜಿ ಸವೆಯುವುದಿಲ್ಲ. ಮುಂದೆ ಒಳಗಡೆ ಒಂದು ಚಿಕ್ಕ ಕೊಕ್ಕೆ ಹೊಲಿದು ಶೂ ಲೇಸಿಗೆ ಸಿಕ್ಕಿಸಿದರೆ ಕವರ್ ಮೇಲಕ್ಕೆ ಏರುವುದಿಲ್ಲ. ನೆಲಕ್ಕೆ ತಾಗುವ ಕೂದಲನ್ನು ಕತ್ತರಿಸಿಬಿಡಿ. ಇಲ್ಲದಿದ್ದರೆ ಇಡೀ ಸಭಾಂಗಣ ಗುಡಿಸಿಕೊಂಡು ಬರುತ್ತೀರಿ.

ಹಿಂದೆ, ಕವರ್ ತೆರೆದು ಮುಚ್ಚಲು, ವೆಲ್ಕ್ರೋ (ಒತ್ತಿದರೆ ಹಿಡಿದುಕೊಳ್ಳುವ ಪಟ್ಟಿ). ಇದರ ಕಥೆ ನಮಗೆ ಚೆನ್ನಾಗಿ ಹೊಂದುತ್ತದೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದೆ ಮೆಸ್ಟ್ರಾಲ್ ಬೇಟೆಗೆ ಹೋಗಿ ಬಂದಾಗ ಅವರ ನಾಯಿಯ ಮೈಗೆ ಮುಳ್ಳುಕಾಯಿ ಅಂಟಿಕೊಂಡಿದ್ದವು. ಅದರ ಕೊಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಅವರಿಗೆ ಈ ಐಡಿಯಾ ಹೊಳೆದದ್ದು. ಅಂದರೆ ವೆಲ್ಕ್ರೋ ಹುಟ್ಟಿದ್ದೇ ಕೂದಲು ಹಿಡಿಯುವ ಗುಣದಿಂದ! ನಮ್ಮ ಫರ್ ಅನ್ನೂ ಅದು ಬಿಡುವುದಿಲ್ಲ. ಹಾಗಾಗಿ ಪಟ್ಟಿಯ ಸುತ್ತ ಒಂದು ಬೆರಳಿನಷ್ಟು ಜಾಗದ ಕೂದಲನ್ನು ಬೋಳಿಸಿ. ಎತ್ತಿಡುವಾಗ ವೆಲ್ಕ್ರೋ ಮುಚ್ಚಿಯೇ ಇಡಿ.

ಈಗ ಹಾಕಿಕೊಂಡು ನಡೆಯಿರಿ. ಕನ್ನಡಿ ಮುಂದೆ ನಿಲ್ಲುವುದಲ್ಲ, ನಡೆಯಬೇಕು. ತಿರುಗಿ, ಕುಳಿತು ಏಳಿ, ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವಾಗ ಪಕ್ಕದ ಕಂಬಿ ಹಿಡಿದುಕೊಳ್ಳಿ, ಪಾದದ ತುದಿ ಎಲ್ಲಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಇದನ್ನು ಹಾಕಿಕೊಂಡು ಗಾಡಿ ಓಡಿಸುವ ಮಾತೇ ಬೇಡ. ಒಳಗೆ ಕಾಲು ಚೆನ್ನಾಗಿ ಬೆವರುತ್ತದೆ, ಆಗಾಗ ಬಿಚ್ಚಿ ಗಾಳಿ ಆಡಲು ಬಿಡಿ.

ಒಗೆಯುವುದು ತಣ್ಣೀರಿನಲ್ಲಿ, ಸೌಮ್ಯವಾದ ಸೋಪಿನಲ್ಲಿ, ಕೈಯಿಂದಲೇ. ಹಿಂಡಬೇಡಿ, ಒಳಗಿನ ಫೋಮ್ ಅನ್ನು ಅದುಮಿ ನೀರು ತೆಗೆಯಿರಿ. ಫ್ಯಾನ್ ಕೆಳಗೆ ಒಳಮೈ ಕೂಡ ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಮುಗ್ಗಲು ವಾಸನೆ ಬರುತ್ತದೆ. ಒಣಗಿದ ಮೇಲೆ ಕಣಕಾಲಿನಿಂದ ಬೆರಳಿನ ಕಡೆಗೆ ಬಾಚಿ. ಕಾರ್ಯಕ್ರಮದ ದಿನ ಆ ತಂತಿ ಬ್ರಷ್ ಬ್ಯಾಗಿನಲ್ಲಿ ಇರಲಿ, ಜೊತೆಗೆ ಸೂಜಿ ದಾರ ಕೂಡ. ನಿಮ್ಮ ಪಾತ್ರ ಯಾವ ಪ್ರಾಣಿಯದ್ದು ಅಂತ ಕಾಮೆಂಟ್‌ನಲ್ಲಿ ಹೇಳಿ. ಗೊರಸಿನ ಕಾಲು ಮಾಡಬೇಕಾದವರು ಇದ್ದರೆ ಬೇಗ ಹೇಳಿ, ಅದರ ಪ್ಯಾಟರ್ನ್ ಪೂರ್ತಿ ಬೇರೆ.