ಕರಾವಳಿಯ ಗೋಡೆಗೆ ಚಿತ್ರ ಮಾರುವುದು ಹೇಗೆ: ಫ್ರೇಮ್, ರೇಟು, ಒಪ್ಪಂದ

[ದೃಶ್ಯ: ಫ್ರೇಮ್ ಬಿಚ್ಚಿದ ಜಲವರ್ಣ ಚಿತ್ರ, ಆಕಾಶದ ಭಾಗದಲ್ಲಿ ಕಂದು ಚುಕ್ಕೆಗಳು]

ನಮಸ್ಕಾರ. ಈ ಚುಕ್ಕೆಗಳನ್ನು ನೋಡಿ, ಇದು ಬೂಷ್ಟು. ಮಂಗಳೂರು, ಉಡುಪಿಯಲ್ಲಿ ಚಿತ್ರ ಬರೆದೇ ಜೀವನ ಮಾಡುವವರು ಮೊದಲು ಗೆಲ್ಲಬೇಕಾದದ್ದು ಇದನ್ನು. ಗೃಹಪ್ರವೇಶಕ್ಕೆಂದು ಕೊಂಡುಹೋದ ಚಿತ್ರ ಎರಡನೇ ಮಳೆಗಾಲಕ್ಕೆ ಹೀಗಾದರೆ ಆ ಮನೆಯ ನೆಂಟರಿಷ್ಟರು ಯಾರೂ ನಿಮ್ಮ ಹತ್ತಿರ ಬರುವುದಿಲ್ಲ. ಹಾಗಾಗಿ ಮಾರಾಟದ ಮಾತನ್ನು ಫ್ರೇಮಿನಿಂದಲೇ ಶುರು ಮಾಡೋಣ.

ಗಾಳಿಯ ತೇವಾಂಶ ಶೇ. 65–70 ದಾಟಿದರೆ ಬೂಷ್ಟು ಬೆಳೆಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಅದು ಶೇ. 85–90ರ ಆಸುಪಾಸಿನಲ್ಲೇ ಇರುತ್ತದೆ. ಜಲವರ್ಣದ ಕಾಗದಕ್ಕೆ ಹಾಕುವ ಜೆಲಾಟಿನ್ ಅಂಟು ಬೂಷ್ಟಿಗೆ ಒಳ್ಳೆಯ ಆಹಾರ. ಕಾಗದ 300 ಜಿಎಸ್‌ಎಮ್ಮಿನ (ಚದರ ಮೀಟರಿಗೆ 300 ಗ್ರಾಂ ತೂಗುವ) ಪೂರ್ತಿ ಹತ್ತಿಯದ್ದಾದರೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

[ದೃಶ್ಯ: ಗಾಜು, ಮೌಂಟ್, ಚಿತ್ರ, ಹಿಂಬದಿ ಹಲಗೆ ಒಂದರ ಮೇಲೊಂದು]

ಚಿತ್ರ ಗಾಜಿಗೆ ತಾಗಲೇಬಾರದು. ತಾಗಿದರೆ ಗಾಜಿನ ಒಳಗಿನ ಬೆವರು ಬಣ್ಣವನ್ನು ಅಂಟಿಸಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಹೋದರೆ ಕಾಗದವೇ ಕಿತ್ತುಬರುತ್ತದೆ. ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಚಿತ್ರ ಕಾಣುವಂತೆ ಕಿಟಕಿ ಕತ್ತರಿಸಿದ ದಪ್ಪ ರಟ್ಟು) ಇಡಿ. ಚಿತ್ರವನ್ನು ಮೇಲಿನ ಅಂಚಿನ ಎರಡು ಕಡೆ ಮಾತ್ರ ಜಪಾನಿ ಕಾಗದದ ಪಟ್ಟಿ, ಗೋಧಿಗಂಜಿಯ ಅಂಟಿನಿಂದ ತೂಗುಹಾಕಿ. ಸೆಲೋಟೇಪ್ ಬೇಡ, ಅದು ಹಳದಿಯಾಗಿ ಕಲೆ ಬಿಡುತ್ತದೆ. ಹಿಂದೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿಕೊಡುವುದು ಇಲ್ಲಿನ ಅನೇಕ ಫ್ರೇಮ್ ಅಂಗಡಿಗಳ ರೂಢಿ. ಅದು ನೀರು ಕುಡಿದು ಉಬ್ಬುತ್ತದೆ. ಎಸಿಪಿ ಶೀಟ್ (ನಡುವೆ ಪ್ಲಾಸ್ಟಿಕ್ ಇರುವ ಅಲ್ಯೂಮಿನಿಯಂ ಹಲಗೆ) ಕೇಳಿ ಹಾಕಿಸಿಕೊಳ್ಳಿ.

ಗಾಜಿನಿಂದ ಹಿಂಬದಿಯವರೆಗೆ ಅಂಚನ್ನು ಸುತ್ತ ಟೇಪ್ ಹಾಕಿ ಮುಚ್ಚುವುದು ಒಳ್ಳೆಯ ಕ್ರಮ. ಆದರೆ ಜಡಿಮಳೆಯ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮುಚ್ಚಿದರೆ ಆಟಿಯ ತೇವವೇ ಒಳಗೆ ಬಂದಿಯಾಗುತ್ತದೆ! ಫ್ರೇಮಿನ ಕೆಲಸವನ್ನೆಲ್ಲ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮುಗಿಸಿಕೊಳ್ಳಿ. ಮಳೆಗಾಲದಲ್ಲಿ ಮಾಡಲೇಬೇಕೆಂದಿದ್ದರೆ ಚಿತ್ರ, ಮೌಂಟ್, ಹಲಗೆ ಮೂರನ್ನೂ ಒಂದು ದಿನ ಎಸಿ ಕೋಣೆಯಲ್ಲಿಟ್ಟು, ಅಲ್ಲೇ ಮುಚ್ಚಿ.

ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲಿ. ಪಡುವಣದ ಹೊರಗೋಡೆಗೆ ತೂಗುಹಾಕಬೇಡಿ ಎಂದು ಕೊಳ್ಳುವವರಿಗೆ ಬಿಡಿಸಿ ಹೇಳಿ. ಮಳೆ ಬಡಿಯುವುದು ಅಲ್ಲಿಗೇ, ಮುರಕಲ್ಲಿನ ಗೋಡೆ ಒಳಗಿನವರೆಗೂ ತೇವ ಎಳೆದುಕೊಳ್ಳುತ್ತದೆ. ಇಟಲಿಯ ಕಲಾವಿದ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಬರೆದ ಚಿತ್ರಗಳನ್ನೂ ಪರಿಣತರು ಬಂದು ದುರಸ್ತಿ ಮಾಡಬೇಕಾಯಿತು. ನಮ್ಮ ಹವೆ ಅಂಥದ್ದು.

ಅಕ್ರಿಲಿಕ್‌ನವರಿಗೆ ಒಂದೇ ಎಚ್ಚರಿಕೆ: ಜಡಿಮಳೆಯ ದಿನ ವಾರ್ನಿಶ್ ಬಳಿಯಬೇಡಿ. ತೇವ ಒಳಗೆ ಸಿಕ್ಕಿಕೊಂಡು ಮೇಲ್ಮೈ ಹಾಲಿನ ಬಣ್ಣಕ್ಕೆ ತಿರುಗುತ್ತದೆ.

[ದೃಶ್ಯ: ಹಲಗೆಯ ಮೇಲೆ ಲೆಕ್ಕ]

ಇನ್ನು ರೇಟು. ಗಿರಾಕಿಯ ಕಾರು ನೋಡಿ ಬೆಲೆ ಹೇಳುವುದನ್ನು ಬಿಡಬೇಕು. 18×24 ಇಂಚಿನ ಒಂದು ಕ್ಯಾನ್ವಾಸಿಗೆ 24 ಗಂಟೆ ಕೆಲಸ ಎನ್ನೋಣ. ಗಂಟೆಗೆ ₹300ರಂತೆ ₹7,200, ಕ್ಯಾನ್ವಾಸು, ಬಣ್ಣಕ್ಕೆ ₹1,440. ಒಟ್ಟು ₹8,640. ಇದನ್ನು 432 ಚದರ ಇಂಚಿನಿಂದ ಭಾಗಿಸಿದರೆ ಚದರ ಇಂಚಿಗೆ ₹20. ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ನೀವು ಹಾಕಿಕೊಳ್ಳಿ.

ಈ ಲೆಕ್ಕ ಸಣ್ಣ ಚಿತ್ರಕ್ಕೆ ಅನ್ಯಾಯ ಮಾಡುತ್ತದೆ. 6×8 ಇಂಚಿಗೆ ₹960 ಬರುತ್ತದೆ, ಕೈಗೆ ಏನೂ ದಕ್ಕುವುದಿಲ್ಲ. ಆಗ ಉದ್ದ, ಅಗಲ ಕೂಡಿಸುವ ಲೆಕ್ಕ ಹಿಡಿಯಿರಿ. 18+24, ಅಂದರೆ 42 ಇಂಚು, ಇಂಚಿಗೆ ₹205ರಂತೆ ₹8,610. ಅದೇ ದರದಲ್ಲಿ 6+8 ಇಂಚಿನ ಚಿತ್ರಕ್ಕೆ ₹2,870. ಇದು ನಮಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಫ್ರೇಮಿನ ದುಡ್ಡನ್ನು ಬಿಲ್ಲಿನಲ್ಲಿ ಬೇರೆಯೇ ಬರೆಯಿರಿ. ಗ್ಯಾಲರಿ ಶೇ. 40 ಕಮಿಷನ್ ಕೇಳಿತು, ಫ್ರೇಮು ₹2,600ರದ್ದು ಎಂದುಕೊಳ್ಳಿ. ಎರಡನ್ನೂ ಸೇರಿಸಿ ಒಂದೇ ಬೆಲೆ ಬರೆದರೆ ಫ್ರೇಮಿನ ಮೇಲೂ ₹1,040 ಕಮಿಷನ್ ಹೋಗುತ್ತದೆ, ಅದು ನಿಮ್ಮ ಜೇಬಿನದ್ದು. ಹಾಗೆಯೇ ಗ್ಯಾಲರಿಯಲ್ಲಿ ಒಂದು ಬೆಲೆ, ಇನ್‌ಸ್ಟಾಗ್ರಾಮಿನಲ್ಲಿ ಅದಕ್ಕಿಂತ ಕಡಿಮೆ ಮಾಡಬೇಡಿ. ಒಮ್ಮೆ ಗೊತ್ತಾದರೆ ಆ ಗ್ಯಾಲರಿ ನಿಮ್ಮನ್ನು ಮತ್ತೆ ಕರೆಯುವುದಿಲ್ಲ.

[ದೃಶ್ಯ: ಒಂದು ಪುಟದ ಒಪ್ಪಂದ ಪತ್ರ]

ಆರ್ಡರ್ ಕೆಲಸಕ್ಕೆ ಬರೋಣ. ಯಕ್ಷಗಾನದ ಬಣ್ಣದ ವೇಷ, ಕಂಬಳ, ಕೃಷ್ಣ ಮಠದ ರಥಬೀದಿ, ಕೇಳಿ ಬರುವವರು ಇವನ್ನೇ ಹೆಚ್ಚು ಕೇಳುತ್ತಾರೆ. ದೈವದ (ಭೂತಕೋಲದ) ಚಿತ್ರವಾದರೆ ಮನೆಯ ಹಿರಿಯರಿಗೆ ಒಪ್ಪಿಗೆಯಿದೆಯೇ ಎಂದು ಮೊದಲೇ ವಿಚಾರಿಸಿ. ಎಲ್ಲಿ ಇಡಬೇಕು, ಇಡಬಹುದೇ ಎಂಬುದರಲ್ಲಿ ಮನೆಯಿಂದ ಮನೆಗೆ ಅಭಿಪ್ರಾಯ ಬೇರೆ. ಬಣ್ಣ ಹಾಕಿದ ಮೇಲೆ ಬೇಡವೆಂದರೆ ಕಷ್ಟ.

ಹೆಚ್ಚಿನ ಕಲಾವಿದರಿಗೆ ಗೊತ್ತಿಲ್ಲದ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 17ನೇ ಕಲಮಿನ ಪ್ರಕಾರ, ಇನ್ನೊಬ್ಬರು ಹಣ ಕೊಟ್ಟು ಬರೆಸಿದ ಚಿತ್ರದ ಕೃತಿಸ್ವಾಮ್ಯ ಮೊದಲಿಗೆ ಬರೆಸಿದವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಅದೇ ಚಿತ್ರದ ಪ್ರಿಂಟು, ಕ್ಯಾಲೆಂಡರು ಮಾಡುವ ಹಕ್ಕು ನಿಮಗಿರುವುದಿಲ್ಲ. ಮೂಲ ಚಿತ್ರ ಮುಂದೆ ₹10,000ಕ್ಕಿಂತ ಹೆಚ್ಚಿಗೆ ಮರುಮಾರಾಟವಾದಾಗ ಸಿಗಬೇಕಾದ ಪಾಲನ್ನು 53ಎ ಕಲಂ ಕೊಡುವುದು ಕೃತಿಸ್ವಾಮ್ಯದ ಮೊದಲ ಒಡೆಯನಾಗಿದ್ದ ಕಲಾವಿದನಿಗೆ. ಆದ್ದರಿಂದ "ಕೃತಿಸ್ವಾಮ್ಯ ಕಲಾವಿದರದ್ದೇ" ಎಂಬ ಒಂದು ಸಾಲು ಬರೆದು, ಕುಂಚ ಹಿಡಿಯುವ ಮೊದಲು ಇಬ್ಬರೂ ಸಹಿ ಹಾಕಿ. ಅದೇ ಪುಟದಲ್ಲಿ ಅಳತೆ, ಶೇ. 50 ಮುಂಗಡ, ಸ್ಕೆಚ್ ಹಂತದಲ್ಲಿ ಎರಡು ತಿದ್ದುಪಡಿ, ಕೊಡುವ ದಿನಾಂಕವೂ ಇರಲಿ. ಬೇರೆಯವರ ಯಕ್ಷಗಾನದ ಫೋಟೊ ನೋಡಿ ನಕಲು ಬರೆಯುವುದಾದರೆ ಛಾಯಾಗ್ರಾಹಕರ ಅನುಮತಿಯೂ ಬೇಕು.

[ದೃಶ್ಯ: ಪ್ಯಾಕಿಂಗ್]

ಚಿತ್ರ ಕಳಿಸುವ ಮೊದಲು ಫೋಟೊ ತೆಗೆದಿಡಿ. ಮೋಡದ ದಿನ, ನೆರಳಿನಲ್ಲಿ, ಕ್ಯಾಮೆರಾ ಚಿತ್ರಕ್ಕೆ ಸಮಾನಾಂತರವಾಗಿರಲಿ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಎ3 ಪ್ರಿಂಟಿಗೆ 3508×4961 ಪಿಕ್ಸೆಲ್ ಬೇಕು. ಕಡಿಮೆಯಿದ್ದರೆ ಗೆರೆಗಳು ಮಸುಕಾಗುತ್ತವೆ.

ಅಕ್ರಿಲಿಕ್ ಪದರ ಸೆಕೆಗೆ ಮೆತ್ತಗಾಗುತ್ತದೆ. ಬಬಲ್ ರ‍್ಯಾಪ್ ನೇರವಾಗಿ ಸುತ್ತಿದರೆ ಗುಳ್ಳೆಯ ಅಚ್ಚು ಚಿತ್ರದ ಮೇಲೆ ಬೀಳುತ್ತದೆ. ಮೊದಲು ಸಿಲಿಕೋನ್ ಲೇಪದ ಕಾಗದ, ಅದರ ಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್, ನಾಲ್ಕು ಮೂಲೆಗೆ ಥರ್ಮಾಕೋಲ್, ಕೊನೆಗೆ ಪೆಟ್ಟಿಗೆ. ಮುಂಬೈಗೋ ಗಲ್ಫಿಗೋ ದೂರ ಹೋಗುವ ಚಿತ್ರಕ್ಕೆ ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿಸಿ.