ಎಲ್ಲರ ಮಣ್ಣಿಗೆ ನಿಂತವರು ತೀರಿಕೊಂಡಾಗ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನ ಸಣ್ಣಪುಟ್ಟ ಚರ್ಚುಗಳಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಬೆಳಗಿನ ಗಂಟೆ ಹೊಡೆಯುವವರು ಅವರೇ, ಪೂಜೆಯ ಸಾಮಾನು ಇಡುವ ಕೋಣೆ ಸಕ್ರಿಸ್ತಿಯ ಬೀಗದ ಕೈ ಇರುವುದು ಅವರ ಬಳಿಯೇ, ಊರಲ್ಲಿ ಯಾರಾದರೂ ತೀರಿಕೊಂಡರೆ ಗುಂಡಿ ತೋಡುವವರಿಗೆ ಹೇಳಿಕಳಿಸುವವರೂ ಅವರೇ. ಅವರೇ ಕಣ್ಣುಮುಚ್ಚಿದ ದಿನ ಧರ್ಮಕೇಂದ್ರಕ್ಕೆ, ಅಂದರೆ ಆ ಚರ್ಚಿನ ಸಮುದಾಯಕ್ಕೆ, ಕೈಕಾಲು ಆಡುವುದಿಲ್ಲ. ದುಃಖ ಒಂದು ಕಡೆ. ಶವಪೆಟ್ಟಿಗೆ ಇಳಿಸುವ ಹಗ್ಗ ಎಲ್ಲಿಟ್ಟಿದ್ದಾರೆ ಎಂದು ಹೇಳುವವರೂ ಇರುವುದಿಲ್ಲ. ಅಂಥ ಸಾವಿನ ಮನೆಯ ಕೆಲಸಗಳ ಬಗ್ಗೆ ಇವತ್ತಿನ ಮಾತು. ಕಥೋಲಿಕ ಪದ್ಧತಿಯನ್ನು ಇಟ್ಟುಕೊಂಡು ಹೇಳುತ್ತೇನೆ. ಸಿ.ಎಸ್.ಐ., ಅಂದರೆ ಪ್ರಾಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಗಳ ಆರಾಧನೆಯ ಕ್ರಮ ಬೇರೆ. ಮಣ್ಣು, ಮಳೆ ಎಲ್ಲರಿಗೂ ಒಂದೇ.

ಮೊದಲು ಗುರುಗಳಿಗೆ, ಅಂದರೆ ಚರ್ಚಿನ ಪಾದ್ರಿಗಳಿಗೆ ತಿಳಿಸಿ ದಿನ, ಹೊತ್ತು ಗೊತ್ತುಮಾಡಿಕೊಳ್ಳಬೇಕು. ನೆಂಟರಿಗೆ ಫೋನ್ ಮಾಡುವುದು ಅದಾದ ಮೇಲೆ. ಹಲವು ಕಡೆ ಇದು ತಿರುವುಮುರುವಾಗುತ್ತದೆ. ಪವಿತ್ರ ಗುರುವಾರ, ಶುಭ ಶುಕ್ರವಾರ, ಪವಿತ್ರ ಶನಿವಾರಗಳಂದು ಮತ್ತು ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ, ಈಸ್ಟರ್‌ನಿಂದ ಶುರುವಾಗುವ ಪಾಸ್ಕ ಕಾಲ, ಇವುಗಳ ಭಾನುವಾರಗಳಂದು ಅಂತ್ಯಕ್ರಿಯೆಯ ಬಲಿಪೂಜೆ, ಅಂದರೆ ಮಾಸ್, ಇಲ್ಲ. ಪ್ರಾರ್ಥನೆ ಮಾಡಿ ಮಣ್ಣು ಮಾಡಬಹುದು, ಪೂಜೆಯನ್ನು ಇನ್ನೊಂದು ದಿನ ಇಟ್ಟುಕೊಳ್ಳಬೇಕು. ಬೆಂಗಳೂರು, ಮುಂಬೈ, ಗಲ್ಫಿನಿಂದ ಮಕ್ಕಳು ಬರುವವರೆಗೆ ಕಾಯುವುದಾದರೆ ಫ್ರೀಜರ್ ಪೆಟ್ಟಿಗೆ ಬೇಕು. ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಪೆಟ್ಟಿಗೆಯ ಜೊತೆಗೇ ಜನರೇಟರನ್ನೂ, ಅದಕ್ಕೆ ಡೀಸೆಲನ್ನೂ ಹೇಳಿಬಿಡಿ.

ಇನ್ನು ಗುಂಡಿ. ಉದ್ದ ಏಳು ಅಡಿ, ಅಗಲ ಮೂರು ಅಡಿ, ಆಳ ಐದರಿಂದ ಆರು ಅಡಿ. ಅಳತೆಗೆ ಮುಂಚೆ ಪೆಟ್ಟಿಗೆಯ ಹಿಡಿಕೆಗಳನ್ನೂ ಸೇರಿಸಿ ಅಗಲ ನೋಡಿಕೊಳ್ಳಿ; ಅರ್ಧ ಇಳಿದ ಮೇಲೆ ಹಿಡಿಕೆ ಸಿಕ್ಕಿಕೊಂಡು ನಿಂತರೆ ಮನೆಯವರ ಎದುರು ನೋಡಲಾಗದ ಸಂಕಟ. ನಮ್ಮ ಜಂಬಿಟ್ಟಿಗೆ ನೆಲಕ್ಕೆ ಗುದ್ದಲಿ ಸಾಲದು, ಹಾರೆ, ಪಿಕಾಸಿ ಬೇಕು. ನಾಲ್ಕು ಆಳಿಗೆ ಅರ್ಧ ದಿನದ ಕೆಲಸ ಎಂದೇ ಇಟ್ಟುಕೊಳ್ಳಿ. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ಹಿಂದಿನ ರಾತ್ರಿಯೇ ತೋಡಿಟ್ಟರೆ ಬೆಳಿಗ್ಗೆ ಅದು ಬಾವಿ. ಆವತ್ತೇ ತೋಡಬೇಕು, ಮೇಲೆ ಟಾರ್ಪಾಲು ಕಟ್ಟಬೇಕು, ಮೇಲ್ಗಡೆಯಿಂದ ಹರಿದು ಬರುವ ನೀರಿಗೆ ಸಣ್ಣ ಕಾಲುವೆ ತಿರುಗಿಸಬೇಕು. ತೆಗೆದ ಮಣ್ಣನ್ನು ಅಂಚಿನಿಂದ ಎರಡಡಿ ದೂರ ಹಾಕಿ. ಅಂಚಿಗೇ ಗುಡ್ಡೆ ಹಾಕಿದರೆ ಅದರ ಭಾರಕ್ಕೆ ಹಸಿ ಗೋಡೆ ಕುಸಿಯುತ್ತದೆ. ಜನ ನಿಲ್ಲುವಲ್ಲಿ ಹಲಗೆ ಹಾಸಿ. ಒಸರು ನೀರನ್ನು ಮೆರವಣಿಗೆ ಚರ್ಚಿನಿಂದ ಹೊರಟ ಮೇಲೆ ಇನ್ನೊಮ್ಮೆ ಎತ್ತಬೇಕು, ಇಲ್ಲದಿದ್ದರೆ ಪೆಟ್ಟಿಗೆ ತಳ ಮುಟ್ಟದೆ ತೇಲುತ್ತದೆ. ಇಳಿಸಲು ಮೂರು ಹಗ್ಗ, ಆರು ಜನ, ಸೂಚನೆ ಕೊಡಲು ಒಬ್ಬರೇ ಒಬ್ಬರು. ಮಣ್ಣನ್ನು ನೆಲಮಟ್ಟಕ್ಕಿಂತ ಒಂದಡಿ ಎತ್ತರಿಸಿ ಮುಚ್ಚಿ, ಅದು ಇಳಿಯುತ್ತದೆ. ಕಲ್ಲಿನ ಕಟ್ಟೆಗೆ ಒಂದು ಮಳೆಗಾಲ ಕಳೆಯಲಿ. ತಿಂಗಳ ಪೂಜೆಯ ಹೊತ್ತಿಗೆ ಗ್ರಾನೈಟು ಕೂರಿಸಲೇಬೇಕೆಂದು ಹಟ ಹಿಡಿದವರ ಕಟ್ಟೆ ಬಿರುಕು ಬಿಡುವುದು ಇದೇ ಕಾರಣಕ್ಕೆ.

ಚರ್ಚಿನೊಳಗೆ ಸಾಮಾನ್ಯ ಭಕ್ತರ ಪೆಟ್ಟಿಗೆಯನ್ನು ಕಾಲು ಬಲಿಪೀಠದ ಕಡೆಗಿರುವಂತೆ ಇಡುತ್ತಾರೆ. ಗುರುಗಳು ತೀರಿಕೊಂಡರೆ ತಲೆ ಪೀಠದ ಕಡೆಗೆ. ಪಕ್ಕದಲ್ಲಿ ಪಾಸ್ಕದ ಮೇಣದ ಬತ್ತಿ. ಪವಿತ್ರ ಜಲ, ಧೂಪ, ಕೆಂಡ ಸಿದ್ಧವಿರಲಿ. ಕೆಂಡ ಹಿಡಿಯಲು ಹತ್ತು ನಿಮಿಷವಾದರೂ ಬೇಕು ಎಂಬುದು ಆ ಹಿರಿಯರಿಗೆ ಗೊತ್ತಿತ್ತು, ಹೊಸಬರು ಮರೆಯುತ್ತಾರೆ.

ಗುಣಗಾನದ ವಿಷಯದಲ್ಲಿ ನಿಯಮ ಸ್ಪಷ್ಟ. ಪೂಜೆಯಲ್ಲಿ ಗುರುಗಳು ಮಾಡುವ ಪ್ರಬೋಧನೆ ಚುಟುಕಾಗಿರಬೇಕು, ಅದು ಹೊಗಳಿಕೆಯ ಭಾಷಣ ಆಗಬಾರದು. ಮನೆಯವರೋ ಸಮುದಾಯದವರೋ ಮಾತಾಡುವುದಾದರೆ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ, ಅಂದರೆ ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದು, ಕೊನೆಯ ಬೀಳ್ಕೊಡುಗೆ ಶುರುವಾಗುವ ಮೊದಲು. ಒಬ್ಬರು, ಮೂರು ನಿಮಿಷ, ಬರೆದುಕೊಂಡು. ಹುಟ್ಟಿದ ದಿನ, ಮದುವೆಯ ವರ್ಷವನ್ನು ಚರ್ಚಿನ ದಾಖಲೆ ಪುಸ್ತಕದಿಂದಲೇ ಬರೆದುಕೊಳ್ಳಿ. ಹುದ್ದೆಗಳ ಪಟ್ಟಿ ಓದುವುದು ಶುದ್ಧ ದಂಡ. ಭಾನುವಾರ ಪೂಜೆಗೆ ಬಾರದ ಮುದುಕರ ಮನೆ ಮನೆಗೆ ಸಂಜೆ ಹೋಗುತ್ತಿದ್ದರು ಎಂಬ ಒಂದು ಮಾತು ಹತ್ತು ವಿಶೇಷಣಕ್ಕಿಂತ ಮೇಲು. ಮನೆಯಲ್ಲಿ ಕೊಂಕಣಿ ಇದ್ದರೂ ಈ ಮಾತು ಕನ್ನಡದಲ್ಲಿರಲಿ. ನೆರೆಯ ಹಿಂದೂ, ಮುಸ್ಲಿಂ ಮನೆಗಳವರು ತುಂಬಿರುತ್ತಾರೆ. ಎದ್ದು ನಿಲ್ಲುವುದು ಯಾವಾಗ, ಪರಮಪ್ರಸಾದ ಯಾರಿಗೆ ಎಂದು ಮೊದಲೇ ಮೆತ್ತಗೆ ಹೇಳಿಬಿಟ್ಟರೆ ಯಾರಿಗೂ ಮುಜುಗರವಿಲ್ಲ. ಹಿಡಿ ಮಣ್ಣು ಹಾಕಲು ಮಾತ್ರ ಎಲ್ಲರಿಗೂ ಹಕ್ಕಿದೆ, ಅದನ್ನೂ ಹೇಳಿ.

ಮರಣ ನೋಂದಣಿಗೆ 21 ದಿನ. ಚರ್ಚಿನ ಮರಣ ಪುಸ್ತಕದಲ್ಲಿ ಬರೆಸಿದರೆ ಅದು ಸರ್ಕಾರದ ನೋಂದಣಿ ಆಗುವುದಿಲ್ಲ. ನಮ್ಮಲ್ಲಿ ಸ್ನಾನದೀಕ್ಷೆಯಲ್ಲಿ (ಬ್ಯಾಪ್ಟಿಸಂನಲ್ಲಿ) ಇಟ್ಟ ಹೆಸರೊಂದು, ಮನೆಯಲ್ಲಿ ಕರೆಯುವ ಹೆಸರೊಂದು, ಪಹಣಿಯಲ್ಲಿ ಮತ್ತೊಂದು. ಅರ್ಜಿಯಲ್ಲಿ ಆಧಾರ್‌ನಲ್ಲಿರುವಂತೆಯೇ ಬರೆಸಿ. ಒಂದಕ್ಷರ ತಪ್ಪಿದರೂ ಪಿಂಚಣಿ, ತೋಟದ ಖಾತೆಗೆ ಹೋದಾಗ ಹೆಂಡತಿ ಮಕ್ಕಳು ಅಲೆಯಬೇಕಾಗುತ್ತದೆ.

ಏಳನೇ ದಿನ, ಮೂವತ್ತನೇ ದಿನ ಪೂಜೆ ಮಾಡಿಸುವುದು ವಾಡಿಕೆ. ಮೂವತ್ತರೊಳಗೆ ಆಗಲೇಬೇಕಾದ ಇನ್ನೊಂದು ಕೆಲಸವಿದೆ, ಅದನ್ನು ಯಾರೂ ಮಾಡುವುದಿಲ್ಲ. ಬೀಗದ ಕೈಗಳಿಗೆ ಚೀಟಿ ಕಟ್ಟಿ, ಗಾನವೃಂದದ ಪುಸ್ತಕಗಳನ್ನು, ಸ್ಮಶಾನದಲ್ಲಿ ಯಾರ ಗುಂಡಿ ಎಲ್ಲಿ ಎಂಬ ನಕ್ಷೆಯನ್ನು ಮನೆಯವರ ಕೈಯಿಂದ ಪಡೆದು, ಮೂರು ಜನಕ್ಕೆ ಹಂಚಿಕೊಡಬೇಕು. ಒಬ್ಬರಿಗೇ ಕೊಟ್ಟರೆ ಮತ್ತೆ ಅದೇ ಪಾಡು. ನಕ್ಷೆ ಬರೆದಿಟ್ಟಿರದಿದ್ದರೆ ಹಳಬರನ್ನು ಕರೆದುಕೊಂಡು ಹೋಗಿ ಈಗಲೇ ಬರೆಸಿ. ನವೆಂಬರ್ 2, ಸತ್ತವರೆಲ್ಲರ ಸ್ಮರಣೆಯ ದಿನ, ಸಮಾಧಿಗಳ ಆಶೀರ್ವಾದಕ್ಕೆ ಇದೇ ನಕ್ಷೆ ಬೇಕು. ಅಕ್ಟೋಬರ್ ಕೊನೆಯ ವಾರ ಕಳೆ ಸವರುವಾಗ ಕಲ್ಲಿಲ್ಲದ ಗುಂಡಿಗಳು ಕಾಣುವುದೇ ಇಲ್ಲ. ರಕ್ತ ಹೀರುವ ಇಂಬಳಕ್ಕೆ ಉಪ್ಪೋ ಸುಣ್ಣವೋ ಒಯ್ಯಿರಿ, ಮೊದಲು ನಾಲ್ಕು ಮೂಲೆಗೆ ಗೂಟ ಹೊಡೆದು, ಆಮೇಲೆ ಕತ್ತಿ ಹಾಕಿ.

ನಮಸ್ಕಾರ.