ಕಾಲಿಗೆ ನೆನಪಿರುವ ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕೂತೇ ಮಾತಾಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನನಗೆ ಕೊಟ್ಟ ವಿಷಯ 'ಶರದೃತುವಿನಲ್ಲಿ ಒಬ್ಬ ನೃತ್ಯ ಕಲಾವಿದೆ'. ಹೆಸರು ಚೆನ್ನಾಗಿದೆ. ಆದರೆ ಬೆಂಗಳೂರಿನಲ್ಲಿ ಶರದೃತು ಇರುವುದು ಪಂಚಾಂಗದಲ್ಲಿ ಮಾತ್ರ, ಅಲ್ವಾ? ನಮಗೆ ಅದು ಸೀಸನ್. ಗಣೇಶನನ್ನು ನೀರಿಗೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ಫೋನ್ ಶುರುವಾಗುತ್ತದೆ. ನವರಾತ್ರಿಯ ಒಂಬತ್ತು ಸಂಜೆ ದೇವಸ್ಥಾನಗಳು, ನಡುವೆ ಅಪಾರ್ಟ್‌ಮೆಂಟುಗಳ ಗೊಂಬೆ ಹಬ್ಬ, ದೀಪಾವಳಿಯ ಎಣ್ಣೆಸ್ನಾನ ಮಾಡಿ ತಲೆ ಒಣಗುವಷ್ಟರಲ್ಲಿ ನವೆಂಬರ್ 1 ಬಂದುಬಿಟ್ಟಿರುತ್ತದೆ, ಇನ್ನು ತಿಂಗಳಿಡೀ ಬೀದಿ ಬೀದಿಯಲ್ಲೂ ರಾಜ್ಯೋತ್ಸವ. ಈ ಸಲ 14 ಪ್ರೋಗ್ರಾಮ್ ಮಾಡಿದೆ. ಯಾವ ದಿನ ಯಾವ ವರ್ಣ, ಅಂದರೆ ಕಾರ್ಯಕ್ರಮದ ಮುಖ್ಯವಾದ ದೊಡ್ಡ ನೃತ್ಯ, ಮಾಡಿದೆ ಅಂತ ಕೇಳಿದರೆ ಡೈರಿ ನೋಡಬೇಕು. ಯಾವ ನೆಲ ಹೇಗಿತ್ತು ಅಂತ ಕೇಳಿ, ಕಾಲೇ ಹೇಳುತ್ತದೆ.

ಭರತನಾಟ್ಯದವರು ಬರಿಗಾಲಿನವರು. ಅರೆಮಂಡಿಯಲ್ಲಿ, ಅಂದರೆ ಮೊಣಕಾಲನ್ನು ಹೊರಕ್ಕೆ ಅರ್ಧ ಬಗ್ಗಿಸಿ ನಿಂತು, ಪೂರ್ತಿ ಪಾದ ತಟ್ಟುತ್ತೇವೆ. ಮರದ ಹಲಗೆಯ ಕೆಳಗೆ ಒಂದಿಷ್ಟು ಟೊಳ್ಳು ಇದ್ದರೆ ಅದು ಕೂದಲೆಳೆಯಷ್ಟು ಬಾಗುತ್ತದೆ, ಏಟಿನಲ್ಲಿ ತನ್ನ ಪಾಲನ್ನು ತಗೊಳ್ಳುತ್ತದೆ. ಕಾಂಕ್ರೀಟಿನ ಮೇಲೆ ಟೈಲ್ಸ್ ಹಾಕಿದ ನೆಲ ಏನನ್ನೂ ತಗೊಳ್ಳುವುದಿಲ್ಲ. ಕೊಟ್ಟಿದ್ದನ್ನೆಲ್ಲ ವಾಪಸ್ ಮೊಣಕಾಲಿಗೇ ಕಳಿಸುತ್ತದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸುಗಳೆಲ್ಲ ಹೀಗೇ. ಗೊಂಬೆ, ಲೈಟು, ಕೋಸಂಬರಿ ಎಲ್ಲ ಸೊಗಸಾಗಿರುತ್ತದೆ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ಮಾತ್ರ ನಾನು ಒಂದೊಂದನ್ನೇ ಎಣಿಸಿಕೊಂಡು ಇಳಿಯುತ್ತೇನೆ.

ದೇವಸ್ಥಾನದ ಕಲ್ಲಿನದು ಬೇರೆ ಕಥೆ. ಅದೂ ಗಟ್ಟಿಯೇ, ಆದರೂ ಅದರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಈ ಸಲ ಎರಡನೇ ಸಂಜೆ ಒಂದು ಕಡೆ ದೀಪದ ಎಣ್ಣೆ ಚೆಲ್ಲಿತ್ತು, ಇನ್ನೊಂದು ಕಡೆ ಯಾರೋ ತೀರ್ಥ ತಗೊಂಡು ಕೈ ಒದರಿದ್ದರು. ಜತಿಯಲ್ಲಿ, ಅಂದರೆ ಬರೀ ತಾಳದ ಹೆಜ್ಜೆಗಳಲ್ಲಿ, ಹಿಂದೆ ಹಿಂದೆ ಹೋಗುವಾಗ ಹಿಮ್ಮಡಿಗೆ ಆ ತಣ್ಣನೆ ಜಾರು ಗೊತ್ತಾಯಿತು. ಹೆಬ್ಬೆರಳಿನಿಂದ ನೆಲವನ್ನು ಕಚ್ಚಿ ಹಿಡಿದೆ. ಮುಖದಲ್ಲಿ ಮಾತ್ರ ದೇವಿ ಮಹಿಷನನ್ನು ಕೊಲ್ಲುತ್ತಿದ್ದಳು.

ಆಮೇಲೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಠಾಗೂರರ ಜನ್ಮಶತಮಾನದ ನೆನಪಿಗೆ ಕಟ್ಟಿದ್ದು, 1963ರಲ್ಲಿ ಉದ್ಘಾಟನೆ ಆಯಿತು. ಅಲ್ಲಿ ನನಗೆ ಸಿಕ್ಕಿದ್ದು ಎರಡು ಸನ್ಮಾನಗಳ ನಡುವಿನ 12 ನಿಮಿಷ. ಆದರೆ ಆ ಹಲಗೆ! ತಟ್ಟಿದರೆ ಕೆಳಗಿನಿಂದ ಧಂ ಅಂತ ಉತ್ತರ ಬರುತ್ತದೆ, ಮೃದಂಗಕ್ಕೆ ಇನ್ನೊಂದು ಮೃದಂಗ ಸೇರಿಕೊಂಡ ಹಾಗೆ.

ಅಲ್ಲಿಗೆ ಮೆಟ್ರೋದಲ್ಲಿ ಹೋದೆ, ಪೂರ್ತಿ ಮೇಕಪ್ಪಿನಲ್ಲಿ. ಸೀಸನ್ನಿನಲ್ಲಿ ಕಾರು ನಂಬಿದರೆ ಮಂಗಳ ಹಾಡುವ ಹೊತ್ತಿಗೆ ತಲುಪುತ್ತೇವೆ. ಬ್ಯಾಗು ಸ್ಕ್ಯಾನರಿನೊಳಗೆ ಹೋಯಿತು, ಮೆಷಿನ್ ನಿಂತಿತು. "ಮೇಡಂ, ಏನಿದು ಉಂಡೆ ಉಂಡೆ?" "ಗೆಜ್ಜೆ ಸರ್." "ಇಷ್ಟೊಂದಾ?" ಬಿಚ್ಚಿ ತೋರಿಸಿದೆ. ಚರ್ಮದ ಪಟ್ಟಿ, ಅದಕ್ಕೆ ಸಾಲಾಗಿ ಹೊಲಿದ ಹಿತ್ತಾಳೆ ಗೆಜ್ಜೆ, ಬೆವರು ಕುಡಿದು ಕಪ್ಪಾದ ಹಗ್ಗ. ಅವರು ಕೈಯಲ್ಲಿ ಹಿಡಿದು ತೂಗಿ ನೋಡಿದರು, ಒಮ್ಮೆ ಅಲ್ಲಾಡಿಸಿದರು. ಹಿಂದಿನ ಕ್ಯೂ ಎಲ್ಲ ನನ್ನನ್ನೇ ನೋಡಿತು. "ಹೋಗಿ ಬನ್ನಿ ಮೇಡಂ" ಅಂದರು, ಈ ಸೀಸನ್ನಿನಲ್ಲಿ ನನಗೆ ಸಿಕ್ಕಿದ ಅತ್ಯಂತ ಮರ್ಯಾದೆಯ ಬೀಳ್ಕೊಡುಗೆ ಅದೇ ಇರಬೇಕು. ಯಾಕೆಂದರೆ ಇನ್ನೊಂದು ಕಡೆ ಶಾಲು, ಹಣ್ಣಿನ ಬುಟ್ಟಿ, ಒಂದಡಿ ಎತ್ತರದ ಸ್ಮರಣಿಕೆ ಕೊಟ್ಟರು, ಕವರ್ ಮಾತ್ರ ಕೊಡಲಿಲ್ಲ. ಮೃದಂಗದವರಿಗೆ ಬುಟ್ಟಿಯಿಂದ ಎರಡು ಸೇಬು ತೆಗೆದುಕೊಟ್ಟು ಕಳಿಸುವುದಕ್ಕೆ ಆಗುತ್ತದಾ? ಕಲಾವಿದರಿಗೆ ಕೊಡುವ ದುಡ್ಡಿನ ಬಗ್ಗೆ ನಾವು ಮಾತಾಡಲು ನಾಚುತ್ತೇವೆ, ಅದನ್ನು ಬಿಡಬೇಕು. ಇರಲಿ, ಅದಕ್ಕೆ ಇನ್ನೊಂದು ದಿನ ಕರೆಯಿರಿ.

ಈಗ ಕಾಲಿನ ವಿಷಯ. ನವೆಂಬರ್ ಎರಡನೇ ವಾರ, ಒಂದು ಬಡಾವಣೆಯ ರಾಜ್ಯೋತ್ಸವ. ಡ್ರಮ್ಮುಗಳ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ಕೆಂಪು ಕಾರ್ಪೆಟ್. ಮಧ್ಯಾಹ್ನ ಮಳೆ ಬಂದು ನಿಂತಿತ್ತು. ಜನ ತುಂಬಿದ್ದರು, ಮುಂದಿನ ಸಾಲಿನಲ್ಲಿ ಮಕ್ಕಳು ಹಳದಿ ಕೆಂಪು ಬಾವುಟ ಹಿಡಿದು ಕೂತಿದ್ದರು. ಇಂಥ ಜನರ ಮುಂದೆ ಕುಣಿಯುವ ಖುಷಿಯೇ ಬೇರೆ, ಸುಮ್ನೆ ಹೇಳುತ್ತಿಲ್ಲ, ಅವರು ಇಷ್ಟವಾದರೆ ಅಲ್ಲೇ ಶಿಳ್ಳೆ ಹಾಕುತ್ತಾರೆ. ಕಾರ್ಯಕ್ರಮ ಮುಗಿಸುವ ಚುರುಕಿನ ನೃತ್ಯವಾದ ತಿಲ್ಲಾನದ ಕೊನೆಗೆ ಹಾರಿ ಇಳಿದೆ. ಎರಡು ಹಲಗೆಗಳ ನಡುವೆ ಸಂದಿ ಇತ್ತು, ಕಾರ್ಪೆಟ್ ಅದನ್ನು ಮುಚ್ಚಿಟ್ಟಿತ್ತು. ಕಾಲು ಉಳುಕಿತು. ಒಂದು ಮಂಡಿ ಊರಿ ಕೂತುಬಿಟ್ಟೆ. ಅದೂ ಡ್ಯಾನ್ಸೇ ಅಂದುಕೊಂಡು ಜನ ಜೋರಾಗಿ ಚಪ್ಪಾಳೆ ಹೊಡೆದರು.

ಐದು ದಿನಕ್ಕೆ ಬಸವನಗುಡಿಯಲ್ಲಿ ಇನ್ನೊಂದು ಪ್ರೋಗ್ರಾಮ್. ಗುರುಗಳಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡುತ್ತೇನೆ ಅಂದೆ. "ಕಾಲು ಉಳುಕಿದ್ದು ಸರಿ, ಮುಖಕ್ಕೇನಾಗಿದೆ?" ಅಂದರು. "ಕೂತು ಮಾಡಮ್ಮ."

ಪದ, ಜಾವಳಿ ಅನ್ನುವ ಪ್ರೇಮದ ಹಾಡುಗಳಿಗೆ ಕೂತು ಅಭಿನಯ ಮಾಡುವುದು ಹೊಸದಲ್ಲ. ನಮ್ಮ ಮೈಸೂರು ಶೈಲಿಯ ಜೀವವೇ ಅಭಿನಯ. ಜಟ್ಟಿ ತಾಯಮ್ಮನವರು, ಅವರ ಶಿಷ್ಯೆ ವೆಂಕಟಲಕ್ಷ್ಮಮ್ಮನವರು, ಇಬ್ಬರೂ ಅರಮನೆಯಲ್ಲಿ ಕುಣಿದವರು. ವೆಂಕಟಲಕ್ಷ್ಮಮ್ಮ ಕಡೂರಿನ ಕಡೆಯ ತಾಂಡಾದಲ್ಲಿ ಹುಟ್ಟಿದವರು, ಆಸ್ಥಾನ ವಿದುಷಿಯಾದರು, 1992ರಲ್ಲಿ ಪದ್ಮಭೂಷಣ ಬಂತು. ಸಂಸ್ಕೃತದ ಪ್ರೇಮಪದ್ಯಗಳ ಸಂಗ್ರಹವಾದ ಅಮರು ಶತಕದ ಒಂದು ಶ್ಲೋಕ ಅಂದರೆ ನಾಲ್ಕು ಸಾಲು, ಆ ನಾಲ್ಕು ಸಾಲಿನಲ್ಲಿ ಒಂದಿಡೀ ಜಗಳ ಮತ್ತು ರಾಜಿ ತೋರಿಸುವ ಪರಂಪರೆ ಅದು. ಇದೆಲ್ಲ ನಾನು ವಿದ್ವತ್ ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದಿದ್ದೆ. ಮಾಡಿ ನೋಡಿರಲಿಲ್ಲ.

ಮಣೆಯ ಮೇಲೆ ಕೂತೆ. ಗೆಜ್ಜೆ ಕಟ್ಟಲಿಲ್ಲ. ಗಾಯಕಿ ಒಂದೇ ಸಾಲನ್ನು ತಿರುಗಿ ತಿರುಗಿ ಹಾಡುತ್ತಿದ್ದರು, 'ಅವನು ಬರಲಿಲ್ಲ' ಅನ್ನುವಷ್ಟೇ ಅರ್ಥ. ನಾನು ಯಾವಾಗಲೂ ಎರಡನೇ ಸಲಕ್ಕೆ ಬಾಗಿಲಿಗೆ ಓಡುತ್ತಿದ್ದೆ, ಮೂರನೇ ಸಲಕ್ಕೆ ಹಾಸಿಗೆಯ ಹೂವು ಕಿತ್ತು ಎಸೆಯುತ್ತಿದ್ದೆ. ಈಗ ಎಲ್ಲಿಗೆ ಓಡುವುದು? ಸುಮ್ಮನೆ ಬಾಗಿಲ ಕಡೆ ನೋಡಿದೆ. ಆಗ ಅವರ ದನಿ ಐದನೇ ಸಲ ಸ್ವಲ್ಪ ಇಳಿದಿದ್ದು ಕಿವಿಗೆ ಬಿತ್ತು. ನಾಲ್ಕು ವರ್ಷದಿಂದ ಅವರ ಜೊತೆ ಮಾಡುತ್ತಿದ್ದೇನೆ, ಪ್ರತಿ ಸಲವೂ ಅಲ್ಲಿ ಇಳಿಸುತ್ತಾರಂತೆ. ನನ್ನ ಗೆಜ್ಜೆಯ ಸದ್ದಿನಲ್ಲಿ ನನಗೆ ಕೇಳಿಸಿಯೇ ಇರಲಿಲ್ಲ. ಕೈಯನ್ನು ಮಡಿಲಿಗೆ ಇಳಿಸಿದೆ, ಅಷ್ಟೇ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ "ಅಯ್ಯೋ ಪಾಪ" ಅಂದರು, ಜೋರಾಗಿಯೇ.

ಮುಂದಿನ ವರ್ಷಕ್ಕೆ ಪೂರ್ತಿ ಒಂದು ಗಂಟೆ ಕೂತೇ ಮಾಡುವ ಕಾರ್ಯಕ್ರಮ ಕಟ್ಟುತ್ತಿದ್ದೇನೆ, ಕಾಲು ಸರಿಹೋದರೂ.

ಡಾಕ್ಟರ್ ಮೂರು ವಾರ ಕಾಲು ತಟ್ಟಬೇಡಿ ಅಂದಿದ್ದಾರೆ. ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆಗೆ ಹೋಗಿದ್ದೆ, ಕುಂಟಿಕೊಂಡು. ದೊಡ್ಡ ಬಸವಣ್ಣನ ಗುಡಿಯ ರಸ್ತೆ ತುಂಬ ಸಿಪ್ಪೆ. ಹೆಜ್ಜೆ ಇಟ್ಟಲ್ಲೆಲ್ಲ ಕರಕರ ಅನ್ನುತ್ತಿತ್ತು, ಎಷ್ಟು ಮೆತ್ತಗೆ, ಎಷ್ಟು ಒಳ್ಳೆ ನೆಲ ಗೊತ್ತಾ? ಚಪ್ಪಲಿ ಬಿಟ್ಟೆ. ಆ ಕಡೆ ಈ ಕಡೆ ನೋಡಿದೆ. ಒಂದೇ ಒಂದು ಸಲ, ಒಳ್ಳೆ ಕಾಲಿನಲ್ಲಿ, ತಟ್ಟಿದೆ.